ಮಗು ಓದೋಕೆ ಕಷ್ಟಪಡ್ತಿದ್ರೆ ಬ್ರೇನ್ ಸ್ಕ್ಯಾನ್ ಮಾಡಿಸಬೇಕಾ? ಅದರಲ್ಲಿ ನಿಜವಾಗಿ ಏನು ಕಾಣುತ್ತೆ?

ನೀಲಿಪೆನ್ಸಿಲ್:
ನಮಸ್ಕಾರ ಎಲ್ಲರಿಗೂ. ಮಗನಿಗೆ ಈಗ ಎಂಟು ವರ್ಷ. ಡೈನೋಸಾರ್ ಬಗ್ಗೆ ಕೇಳಿದ್ರೆ ಅರ್ಧ ಗಂಟೆ ನಿಲ್ಲಿಸದೆ ಮಾತಾಡ್ತಾನೆ, ಕಥೆ ಓದಿ ಹೇಳಿದ್ರೆ ಒಂದು ಚಿಕ್ಕ ವಿಷಯಾನೂ ಮರೆಯಲ್ಲ, ಅದೇ ಪುಸ್ತಕ ಅವನ ಕೈಗೆ ಕೊಟ್ರೆ ಮೊದಲನೇ ಸಾಲಲ್ಲೇ ಸಿಕ್ಕಿಹಾಕ್ಕೊಳ್ತಾನೆ. ನಿನ್ನೆ "ಹಕ್ಕಿ ಗೂಡು ಕಟ್ಟಿತು" ಅನ್ನೋದನ್ನ "ಹ.. ಕಿ.. ಗುಡ.. ಕಟಿ.." ಅಂತ ಹೇಳಿ ನಿಂತ, ಆಮೇಲೆ ಪಕ್ಕದ ಚಿತ್ರ ನೋಡಿ "ಹಕ್ಕಿ ಮರದ ಮೇಲೆ ಕೂತಿದೆ" ಅಂದು ನನ್ನ ಮುಖ ನೋಡ್ದ. ಸರಿ ಇದೆ ಅಂತ ನಾನು ಹೇಳ್ಲಿ ಅಂತ ಕಾಯ್ತಿದ್ದ ಆ ನೋಟ ಇನ್ನೂ ಕಣ್ಣ ಮುಂದೆ ಇದೆ. ಕಣ್ಣು ತೋರಿಸಿದ್ವಿ, ಕಿವಿ ತೋರಿಸಿದ್ವಿ, ಎರಡೂ ಸರಿ ಇದೆ. ಡಿಸ್‌ಲೆಕ್ಸಿಯಾ, ಅಂದ್ರೆ ಅಕ್ಷರ ಕೂಡಿಸಿ ಓದೋದೇ ಕಷ್ಟ ಆಗೋ ತೊಂದರೆ, ಇರಬಹುದು ಅಂತ ಹೇಳಿದಾರೆ. ಈಗ ಪರಿಚಯದವರೊಬ್ಬರು, ಬ್ರೇನ್ ಸ್ಕ್ಯಾನ್ ಮಾಡಿಸಿಬಿಡಿ, ಎಡಭಾಗದಲ್ಲಿ ಬಣ್ಣ ಕಮ್ಮಿ ಬಂದ್ರೆ ಡಿಸ್‌ಲೆಕ್ಸಿಯಾ ಅಂತ ಖಚಿತ ಆಗುತ್ತೆ ಅಂತಿದಾರೆ. ಇದು ನಿಜಾನಾ? ಇನ್ನೊಂದು ಭಯ ಏನಂದ್ರೆ, ಮಿದುಳಲ್ಲೇ ವ್ಯತ್ಯಾಸ ಇದೆ ಅಂದ್ರೆ ಜೀವನಪೂರ್ತಿ ಹೀಗೇನಾ? ಗೊತ್ತಿರೋರು ದಯವಿಟ್ಟು ಹೇಳಿ.

ಸ್ಕ್ಯಾನರ್ ಕೋಣೆ:
ಮೇಡಂ, ಮಕ್ಕಳ ಓದಿನ ಮೇಲೆ ಎಂಆರ್‌ಐ ಸಂಶೋಧನೆ ನಡೆಯೋ ಲ್ಯಾಬಲ್ಲಿ ನಾನು ಕೆಲವು ವರ್ಷ ಇದ್ದೆ, ಮಕ್ಕಳನ್ನ ಸ್ಕ್ಯಾನಿಗೆ ರೆಡಿ ಮಾಡೋದೇ ನನ್ನ ಕೆಲಸ. ಮೊದಲೇ ಹೇಳಿಬಿಡ್ತೀನಿ, ಡಿಸ್‌ಲೆಕ್ಸಿಯಾ ಪತ್ತೆ ಮಾಡೋಕೆ ಅಂತ ಸ್ಕ್ಯಾನ್ ಮಾಡಿಸಬೇಡಿ. ಒಂದು ಮಗುವಿನ ಸ್ಕ್ಯಾನ್ ನೋಡಿ ಇದೆ, ಇಲ್ಲ ಅಂತ ಹೇಳೋ ವಿಧಾನ ಇವತ್ತಿಗೂ ಇಲ್ಲ. ಫಿಟ್ಸ್ ಬಂದಿದ್ರೆ, ತಲೆಗೆ ಪೆಟ್ಟಾಗಿದ್ರೆ, ಚೆನ್ನಾಗಿ ಓದ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ಓದೋದು ಮರೆತರೆ ಡಾಕ್ಟರೇ ಸ್ಕ್ಯಾನ್ ಬರೀತಾರೆ, ಅದು ಬೇರೆ ಮಾತು.

ಯಾಕೆ ಆಗಲ್ಲ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ. ಎಫ್‌ಎಂಆರ್‌ಐ, ಅಂದ್ರೆ ಮಿದುಳು ಕೆಲಸ ಮಾಡ್ತಿರುವಾಗ ತೆಗೆಯೋ ಎಂಆರ್‌ಐ, ಯೋಚನೆಯ ಫೋಟೋ ಅಲ್ಲ. ಮಿದುಳಿನ ಒಂದು ಜಾಗ ಹೆಚ್ಚು ಕೆಲಸ ಮಾಡ್ದಾಗ ಅಲ್ಲಿಗೆ ಆಮ್ಲಜನಕ ಇರೋ ರಕ್ತ ಹೆಚ್ಚು ಹರಿಯುತ್ತೆ, ಆಮ್ಲಜನಕ ಹೊತ್ತಿರೋ ಹಿಮೋಗ್ಲೋಬಿನ್ನಿಗೂ ಹೊರದೆ ಇರೋದಕ್ಕೂ ಅಯಸ್ಕಾಂತದ ಗುಣ ಬೇರೆ, ಆ ವ್ಯತ್ಯಾಸ ಎಂಆರ್‌ಐ ಚಿತ್ರದಲ್ಲಿ ಕಾಣುತ್ತೆ ಅಂತ 1990ರಲ್ಲಿ ಸೆಯ್ಜಿ ಒಗಾವಾ ಮತ್ತವರ ಜೊತೆಯವರು ತೋರಿಸಿದ್ರು. ಅಂದ್ರೆ ನಾವು ಅಳೆಯೋದು ರಕ್ತದ ಹರಿವನ್ನ, ನರಕೋಶಗಳನ್ನ ನೇರವಾಗಿ ಅಲ್ಲ. ಆ ಏರಿಕೆ ತುದಿ ಮುಟ್ಟೋಕೇ ಐದಾರು ಸೆಕೆಂಡ್ ಬೇಕು, ಚೆನ್ನಾಗಿ ಓದೋರು ಒಂದು ಪದ ಗುರುತಿಸೋಕೆ ಅರ್ಧ ಸೆಕೆಂಡೂ ತಗೊಳ್ಳಲ್ಲ. ಬದಲಾವಣೆನೂ ತುಂಬಾ ಚಿಕ್ಕದು, ಅದಕ್ಕೇ ಒಂದೇ ಥರದ ಕೆಲಸ ಹತ್ತಾರು ಸಲ ಮಾಡಿಸಿ, ಹತ್ತಾರು ಮಕ್ಕಳದ್ದು ಸೇರಿಸಿ ಸರಾಸರಿ ತೆಗೀತಾರೆ. ಲೇಖನಗಳಲ್ಲಿ ನೀವು ನೋಡೋ ಆ ಕೆಂಪು ಹಳದಿ ಚಿತ್ರ ಯಾವ ಮಗುವಿನದ್ದೂ ಅಲ್ಲ, ಗುಂಪಿನ ಲೆಕ್ಕದ ಮೇಲೆ ಹಚ್ಚಿದ ಬಣ್ಣ.

ಆ ಲೆಕ್ಕದ ಹಿಂದೆ ಮಗು ಹೇಗಿರುತ್ತೆ ಅಂತನೂ ಹೇಳಬೇಕು ಅನ್ಸುತ್ತೆ. ನಿಜವಾದ ಮೆಷಿನ್‌ಗೆ ಹೋಗೋ ಮುಂಚೆ ಅದೇ ಆಕಾರದ ಡಮ್ಮಿ ಸ್ಕ್ಯಾನರಲ್ಲಿ ಅಭ್ಯಾಸ ಮಾಡಿಸ್ತೀವಿ, ಒಳಗೆ ಅಯಸ್ಕಾಂತ ಇರಲ್ಲ, ಸ್ಪೀಕರಲ್ಲಿ ಆ ಟಕ ಟಕ ಗುಂಯ್ ಶಬ್ದ ಮಾತ್ರ ಹಾಕ್ತೀವಿ. ಪ್ರತಿಮೆ ಆಟ ಆಡೋಣ ಅಂತೀವಿ. ತಲೆ ಎರಡೂ ಕಡೆ ಸ್ಪಂಜು, ಕಿವಿಗೆ ಹೆಡ್‌ಫೋನ್, ಕಣ್ಣ ಮೇಲೆ ಓರೆಯಾಗಿ ಒಂದು ಚಿಕ್ಕ ಕನ್ನಡಿ, ಅದರಲ್ಲಿ ಹಿಂದಿನ ಪರದೆ ಕಾಣುತ್ತೆ, ಕೈಯಲ್ಲಿ ಎರಡು ಗುಂಡಿ. ಎರಡು ಪದ ಬರುತ್ತೆ, ಪ್ರಾಸ ಇದ್ರೆ ಈ ಗುಂಡಿ ಇಲ್ದಿದ್ರೆ ಆ ಗುಂಡಿ. ಏಳು ವರ್ಷದ ಒಂದು ಹುಡುಗಿ ಒಂದು ಪದಾನೂ ತಪ್ಪದೆ ಆಡ್ತಿದ್ಲು, ಆದ್ರೆ ಪ್ರತಿ ಸಲ ಉತ್ತರ ಗೊತ್ತಾದಾಗ ಖುಷಿಗೆ ಕಾಲ್ಬೆರಳು ಕುಣಿಸ್ತಿದ್ಲು, ಬೆರಳು ಕುಣಿದ್ರೆ ತಲೆ ಒಂದೆರಡು ಮಿಲಿಮೀಟರ್ ಅಲ್ಲಾಡುತ್ತೆ, ಆ ಒಂದೆರಡು ಮಿಲಿಮೀಟರಿಗೇ ಚಿತ್ರ ಹಾಳು. ಅವಳ ಡೇಟಾ ಬಿಟ್ಟೇಬಿಡಬೇಕಾಯ್ತು. ಎಕ್ಸ್‌ರೇ ಥರ ವಿಕಿರಣ ಇಲ್ಲ, ಆ ಭಯ ಬೇಡ, ಆದ್ರೆ ಇಷ್ಟೆಲ್ಲ ಮಾಡಿ ಒಂದು ಮಗುವಿನಿಂದ ಸಿಗೋ ಮಾಹಿತಿ ಎಷ್ಟು ಅಲುಗಾಡುತ್ತೆ ಅಂತ ನೋಡಿರೋನಿಗೆ ಅದರಿಂದ ಒಬ್ಬರ ಹಣೆಬರಹ ಓದ್ತೀವಿ ಅನ್ನೋದು ಸಹಿಸೋಕಾಗಲ್ಲ.

ಇನ್ನು ಎಡಭಾಗದ ಮಾತು. ಅದು ಸುಳ್ಳಲ್ಲ, ಗುಂಪಿನ ಮಟ್ಟದಲ್ಲಿ ನಿಜ. ಯೇಲ್ ವಿಶ್ವವಿದ್ಯಾಲಯದ ಸ್ಯಾಲಿ ಶೇವಿಟ್ಸ್, ಬೆನೆಟ್ ಶೇವಿಟ್ಸ್ 2002ರಲ್ಲಿ 144 ಮಕ್ಕಳನ್ನ ನೋಡಿದ್ರು, 70 ಜನ ಡಿಸ್‌ಲೆಕ್ಸಿಯಾ ಇರೋರು, 74 ಜನ ಸಲೀಸಾಗಿ ಓದೋರು. ಕಷ್ಟಪಡೋ ಗುಂಪಲ್ಲಿ ಎಡಗಿವಿಯ ಮೇಲೆ ಹಿಂದೆ ಇರೋ ಭಾಗ, ಅಂದ್ರೆ ಅಕ್ಷರಕ್ಕೂ ಧ್ವನಿಗೂ ಗಂಟು ಹಾಕೋ ಜಾಗ, ಮತ್ತೆ ಅದರ ಕೆಳಗೆ ಹಿಂದೆ ಪದವನ್ನ ಕಂಡ ತಕ್ಷಣ ಗುರುತಿಸೋ ಜಾಗ, ಎರಡೂ ಸರಾಸರಿಯಲ್ಲಿ ಕಮ್ಮಿ ಕೆಲಸ ಮಾಡ್ತಿದ್ವು. ಸರಾಸರಿಯಲ್ಲಿ ಅನ್ನೋ ಪದ ಮರೀಬೇಡಿ. ಎತ್ತರದ ಥರ ಅದು, ಗಂಡಸರು ಸರಾಸರಿ ಹೆಂಗಸರಿಗಿಂತ ಎತ್ತರ, ಆದ್ರೆ ಐದೂವರೆ ಅಡಿ ಅಂತ ಮಾತ್ರ ಹೇಳಿದ್ರೆ ಗಂಡಸೋ ಹೆಂಗಸೋ ಹೇಳೋಕಾಗುತ್ತಾ?

ಅಕ್ಷರ ಟೀಚರ್:
ಮೇಡಂ ನಾನು ಓದಿನ ತೊಂದರೆ ಇರೋ ಮಕ್ಕಳಿಗೆ ಪಾಠ ಹೇಳೋಳು. ಸರ್ ಹೇಳಿದ್ದು ಸರಿ, ಸ್ಕ್ಯಾನ್ ಬೇಡ, ಆದ್ರೆ ಏನೂ ಬೇಡ ಅಂತ ಸುಮ್ನೆ ಕೂರಬೇಡಿ, ಸರಿಯಾದ ಅಸೆಸ್‌ಮೆಂಟ್ ಮಾಡಿಸಿ. ಅದರಲ್ಲಿ ಮೆಷಿನ್ ಇರಲ್ಲ, ಒಂದು ಮೇಜು, ಒಂದಷ್ಟು ಕಾರ್ಡು, ಎದುರಿಗೆ ತಾಳ್ಮೆ ಇರೋ ಒಬ್ಬರು. "ಕಮಲ ಅನ್ನು, ಈಗ ಕ ಬಿಟ್ಟು ಹೇಳು" ಅಂತಾರೆ. "ಕೋಲು ಅನ್ನೋದರಲ್ಲಿ ಕೋ ತೆಗೆದು ಹಾ ಹಾಕಿದ್ರೆ ಏನಾಗುತ್ತೆ" ಅಂತಾರೆ. ಅರ್ಥ ಇಲ್ಲದ ಪದ ಓದಿಸ್ತಾರೆ, ಲಿಮಸು, ಬಟಗು ಅಂತ, ಯಾಕಂದ್ರೆ ಅರ್ಥ ಇರೋ ಪದವನ್ನ ಮಗು ಊಹೆ ಮಾಡಿಬಿಡುತ್ತೆ (ನಿಮ್ಮ ಮಗ ಚಿತ್ರ ನೋಡಿ ಮಾಡಿದ ಹಾಗೆ, ಅದು ಜಾಣತನ ಮೇಡಂ, ಬೈಬೇಡಿ), ಅರ್ಥ ಇಲ್ಲದ್ದನ್ನ ಅಕ್ಷರ ಕೂಡಿಸಿಯೇ ಓದಬೇಕು. ಬಣ್ಣಗಳ ಹೆಸರು, ಅಂಕಿಗಳ ಹೆಸರು ಎಷ್ಟು ಬೇಗ ಸಾಲಾಗಿ ಹೇಳ್ತಾರೆ ಅಂತ ಗಡಿಯಾರ ಹಿಡಿದು ನೋಡ್ತಾರೆ. ಬರೆಸ್ತಾರೆ. ಮಾತು ಅರ್ಥ ಆಗೋದು ಹೇಗಿದೆ ಅಂತ ಬೇರೆ ನೋಡ್ತಾರೆ. ಇಷ್ಟರಲ್ಲಿ ಸಿಗೋ ಮಾಹಿತಿ ನಾಳೆ ಬೆಳಿಗ್ಗೆ ಏನು ಕಲಿಸಬೇಕು ಅಂತ ಹೇಳುತ್ತೆ, ಸ್ಕ್ಯಾನ್ ಅದನ್ನ ಹೇಳಲ್ಲ.

"ಹಕ್ಕಿ"ಯನ್ನ "ಹಕಿ" ಅಂದ, "ಗೂಡು" ಅನ್ನೋದನ್ನ "ಗುಡ" ಅಂದ, "ಕಟ್ಟಿ" ಹೋಗಿ "ಕಟಿ" ಆಯ್ತು. ನೋಡಿ, ಮೂಲ ಅಕ್ಷರ ಎಲ್ಲಾ ಅವನಿಗೆ ಬರ್ತಿದೆ, ಒತ್ತು ಬಿಟ್ಟುಹೋಗ್ತಿದೆ, ದೀರ್ಘ ಬಿಟ್ಟುಹೋಗ್ತಿದೆ. ನಾನು ಎದುರಿಗಿಲ್ಲ, ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ಕಾಗುಣಿತ ಒತ್ತಕ್ಷರದಿಂದ ಶುರು ಮಾಡಬೇಕು ಅನ್ನೋದಂತೂ ನೀವು ಬರೆದ ಆ ಒಂದೇ ಸಾಲಿಂದ ಗೊತ್ತಾಗ್ತಿದೆ.

ನೀಲಿಪೆನ್ಸಿಲ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅದು ಜಾಣತನ ಅಂದ್ರಲ್ಲ ಟೀಚರ್, ಓದಿ ಕಣ್ಣು ತುಂಬಿಬಂತು, ನಾನು ನಿನ್ನೆ ಬೈದುಬಿಟ್ಟಿದ್ದೆ. ಆದ್ರೆ ಎರಡನೇ ಪ್ರಶ್ನೆ ಇನ್ನೂ ಕೊರೀತಿದೆ. ಗುಂಪಲ್ಲಾದ್ರೂ ಸರಿ, ಮಿದುಳಲ್ಲಿ ವ್ಯತ್ಯಾಸ ಕಾಣುತ್ತೆ ಅಂದ್ರೆ ಅದು ಹುಟ್ಟಿನಿಂದ ಬಂದಿದ್ದು, ಬದಲಾಗಲ್ಲ ಅಂತ ಅಲ್ವಾ?

ಸ್ಕ್ಯಾನರ್ ಕೋಣೆ:
ಅಲ್ಲ. ಈ ಇಡೀ ಕ್ಷೇತ್ರದಲ್ಲಿ ನನ್ನ ಮನಸ್ಸಿಗೆ ಹಿಡಿಸಿರೋ ಭಾಗ ಇದೇ. ಓದೋಕೆ ಅಂತ ಹುಟ್ಟುವಾಗಲೇ ತಯಾರಾಗಿ ಬಂದ ಜಾಗ ಯಾರ ಮಿದುಳಲ್ಲೂ ಇಲ್ಲ ಮೇಡಂ. ಬರವಣಿಗೆ ಅನ್ನೋದೇ ಐದು ಸಾವಿರ ವರ್ಷದ ಆಸುಪಾಸಿನದ್ದು, ಅಷ್ಟರಲ್ಲಿ ಹೊಸ ಅಂಗ ಬೆಳೆಯಲ್ಲ. ಮುಖ, ವಸ್ತು ಗುರುತಿಸೋ ಜಾಗದ ಪಕ್ಕದಲ್ಲೇ ಒಂದು ತುಂಡನ್ನ ಅಕ್ಷರಕ್ಕೆ ಒಗ್ಗಿಸಿಕೊಳ್ತೀವಿ. 2000ನೇ ಇಸವಿಯಲ್ಲಿ ಲೋರಾಂ ಕೊಎನ್, ಸ್ತಾನಿಸ್ಲಾಸ್ ದೆಹಾನ್ ಅದಕ್ಕೊಂದು ಹೆಸರು ಕೊಟ್ರು, ಕನ್ನಡದಲ್ಲಿ ಪದರೂಪದ ಜಾಗ ಅನ್ನಬಹುದು. 2010ರಲ್ಲಿ ದೆಹಾನ್ ತಂಡ ಪೋರ್ಚುಗಲ್ಲು ಬ್ರೆಜಿಲ್ಲಿನ 63 ದೊಡ್ಡವರನ್ನ ಸ್ಕ್ಯಾನ್ ಮಾಡ್ತು, ಓದೋಕೆ ಬರದೆ ಇರೋರು, ಚಿಕ್ಕಂದಿನಲ್ಲೇ ಶಾಲೆಗೆ ಹೋದೋರು, ದೊಡ್ಡವರಾದ ಮೇಲೆ ಕಲಿತೋರು. ದೊಡ್ಡವರಾದ ಮೇಲೆ ಕಲಿತೋರಲ್ಲೂ ಆ ಜಾಗ ಅಕ್ಷರಕ್ಕೆ ಎಚ್ಚರ ಆಗಿತ್ತು.

ಮಕ್ಕಳಲ್ಲಿ ಇದನ್ನ ಹತ್ತಿರದಿಂದ ನೋಡಿದ್ದು ಗಿಸ್ಲೇನ್ ದೆಹಾನ್ ಲಾಂಬರ್ಟ್ಜ್ ಅವರ ತಂಡ, 2018ರಲ್ಲಿ ಪ್ರಕಟ ಆಯ್ತು. ಬರೀ 10 ಮಕ್ಕಳು, ಆರು ವರ್ಷದೋರು, ಒಂದನೇ ತರಗತಿ ಶುರುವಾಗೋ ಮುಂಚಿಂದ ಆ ವರ್ಷ ಪೂರ್ತಿ ಒಬ್ಬೊಬ್ಬರನ್ನ ಏಳು ಸಲದವರೆಗೆ ಸ್ಕ್ಯಾನ್ ಮಾಡಿದ್ರು. ಶಾಲೆ ಶುರುವಾಗಿ ಕೆಲವೇ ತಿಂಗಳಲ್ಲಿ, ಮುಂಚೆ ಪದಕ್ಕೆ ಏನೂ ಅನ್ನದೆ ಇದ್ದ ಜಾಗ ಪದಕ್ಕೆ ಸ್ಪಂದಿಸೋಕೆ ಶುರು ಮಾಡ್ತು. ಹತ್ತು ಮಕ್ಕಳು ಕಮ್ಮಿ ನಿಜ, ಆದ್ರೆ ಏಳು ಸಲ ಆ ವಯಸ್ಸಿನ ಮಕ್ಕಳನ್ನ ಅಲ್ಲಾಡದೆ ಮಲಗಿಸಿದ್ದಾರಲ್ಲ, ಅದರ ಶ್ರಮ ನಂಗೊತ್ತು.

ಡಿಸ್‌ಲೆಕ್ಸಿಯಾ ಇರೋ ಮಕ್ಕಳಿಗೆ ಬಂದ್ರೂ ಪಾಠದಿಂದ ಮಿದುಳು ಬದಲಾಗೋದು ಕಂಡಿದೆ. ಶೇವಿಟ್ಸ್ ತಂಡ 2004ರಲ್ಲಿ, ಧ್ವನಿ ಬಿಡಿಸಿ ಅಕ್ಷರಕ್ಕೆ ಜೋಡಿಸೋ ಪಾಠ ಒಂದು ಶಾಲಾ ವರ್ಷ ದಿನಾ ಕೊಟ್ಟ ಮೇಲೆ ಮಕ್ಕಳ ಓದೂ ಸುಧಾರಿಸಿತು, ಎಡಭಾಗದ ಕೆಲಸವೂ ಏರಿತು, ಪಾಠ ನಿಲ್ಲಿಸಿ ಒಂದು ವರ್ಷ ಆದ್ಮೇಲೆ ನೋಡಿದ್ರೂ ಪದ ಗುರುತಿಸೋ ಜಾಗ ಬೆಳೀತಾನೇ ಇತ್ತು ಅಂತ ತೋರಿಸಿದ್ರು. 2009ರಲ್ಲಿ ಕೆಲ್ಲರ್, ಜಸ್ಟ್ ಅನ್ನೋ ಇಬ್ಬರು, ಸುಮಾರು 100 ಗಂಟೆ ಓದಿನ ಪಾಠ ಆದ ಮೇಲೆ ಮಿದುಳಿನ ಬಿಳಿ ತಂತುಗಳಲ್ಲೇ, ಅಂದ್ರೆ ಒಂದು ಜಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯೋ ತಂತಿಗಳಲ್ಲೇ, ಬದಲಾವಣೆ ಕಂಡ್ರು. 2018ರಲ್ಲಿ ಹ್ಯೂಬರ್, ಯೀಟ್‌ಮನ್ ಮತ್ತೆ ಜೊತೆಯವರು 24 ಮಕ್ಕಳಿಗೆ ಎಂಟು ವಾರ ತೀವ್ರವಾಗಿ ಕಲಿಸಿ ನಡುನಡುವೆ ಸ್ಕ್ಯಾನ್ ಮಾಡ್ತಾ ಹೋದ್ರು, ವಾರಗಳಲ್ಲೇ ತಂತುಗಳ ಅಳತೆ ಬದಲಾಗ್ತಿತ್ತು. ನೂರು ಗಂಟೆ, ಎಂಟು ವಾರ. ಇದರ ಮುಂದೆ "ಜೀವನಪೂರ್ತಿ ಹೀಗೇ" ಅನ್ನೋ ಮಾತು ನಿಲ್ಲಲ್ಲ.

ಸರಾಸರಿ:
ಸ್ಕ್ಯಾನರ್ ಸರ್ ಹೇಳಿದ್ದಕ್ಕೆ ನನ್ನ ವಿರೋಧ ಇಲ್ಲ, ಆದ್ರೆ ಒಂದು ಎಚ್ಚರಿಕೆ ಸೇರಿಸ್ಲೇಬೇಕು. ನಾನು ಸ್ಟ್ಯಾಟಿಸ್ಟಿಕ್ಸ್ ಕಲಿಸೋನು.

"ಮಿದುಳು ಬದಲಾಯ್ತು" ಅನ್ನೋ ಸಂಶೋಧನೆಗಳಲ್ಲಿ ಮೊದಲು ನೋಡಬೇಕಾದ್ದು ಹೋಲಿಕೆಗೆ ಯಾರನ್ನ ಇಟ್ಕೊಂಡಿದ್ರು ಅಂತ. 2003ರಲ್ಲಿ ಒಂದು ಪ್ರಸಿದ್ಧ ಲೇಖನ ಬಂತು, ಡಿಸ್‌ಲೆಕ್ಸಿಯಾ ಇರೋ 20 ಮಕ್ಕಳಿಗೆ ಒಂದು ಕಂಪ್ಯೂಟರ್ ತರಬೇತಿ ಕೊಟ್ಟು ಮುಂಚೆ ಆಮೇಲೆ ಸ್ಕ್ಯಾನ್ ಮಾಡಿದ್ರು, ಎಡಭಾಗ ಬೆಳಗಿತು ಅಂತ ಎಲ್ಲಾ ಕಡೆ ಸುದ್ದಿ. ಡಿಸ್‌ಲೆಕ್ಸಿಯಾ ಇದ್ದೂ ತರಬೇತಿ ಸಿಗದ ಮಕ್ಕಳ ಗುಂಪೇ ಅದರಲ್ಲಿ ಇರ್ಲಿಲ್ಲ. ಎರಡನೇ ಸಲ ಮೆಷಿನ್ ಒಳಗೆ ಹೋದಾಗ ಭಯ ಕಮ್ಮಿ ಇರುತ್ತೆ, ಆಟ ಗೊತ್ತಿರುತ್ತೆ, ವಯಸ್ಸು ಹೆಚ್ಚಾಗಿರುತ್ತೆ, ಇದರಲ್ಲಿ ಯಾವುದು ತರಬೇತಿಯ ಫಲ? 2011ರಲ್ಲಿ ಅದೇ ತರಬೇತಿ ಮೇಲಿನ ಒಳ್ಳೆ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡ್ದಾಗ ಓದಿಗೆ ಉಪಯೋಗ ಆಯ್ತು ಅನ್ನೋಕೆ ಪುರಾವೆ ಸಿಗ್ಲಿಲ್ಲ. ಬೆಳಗಿದ ಚಿತ್ರ ಮಾತ್ರ ಎಲ್ಲರಿಗೂ ನೆನಪಿದೆ.

ಲೆಕ್ಕದ ತಪ್ಪೂ ಸಣ್ಣದಲ್ಲ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತೆ ಜೊತೆಯವರು ಸತ್ತ ಸಾಲ್ಮನ್ ಮೀನನ್ನ ಸ್ಕ್ಯಾನರಲ್ಲಿ ಇಟ್ಟು, ಅದಕ್ಕೆ ಜನರ ಫೋಟೋ ತೋರಿಸಿ, ಮಿದುಳಿನ ಚಿತ್ರದ ಸಾವಿರಾರು ಬಿಂದುಗಳನ್ನ ಒಂದೊಂದಾಗಿ ಪರೀಕ್ಷೆ ಮಾಡಿ (ಅಷ್ಟರಲ್ಲಿ ಕೆಲವು ಬರೀ ಆಕಸ್ಮಿಕವಾಗಿ ಬೆಳಗಿದ ಹಾಗೆ ಕಾಣ್ತವೆ) ಅದಕ್ಕೆ ಲೆಕ್ಕದಲ್ಲಿ ತಿದ್ದುಪಡಿ ಹಾಕದೆ ಬಿಟ್ರೆ ಸತ್ತ ಮೀನಿನ ಮಿದುಳೂ "ಕೆಲಸ ಮಾಡುತ್ತೆ" ಅಂತ ತೋರಿಸಿದ್ರು. ಹಳೇ ಲೇಖನಗಳಲ್ಲಿ ಹತ್ತು ಹದಿನೈದು ಜನರ ಮೇಲೆ ಮಾಡಿದ್ದು ಬೇಕಾದಷ್ಟಿದೆ. ಅದನ್ನ ಓದುವಾಗ ಈ ಮೀನು ನೆನಪಿರಲಿ.

ಮೂರನೇದು ಎಲ್ಲಕ್ಕಿಂತ ಮುಖ್ಯ. ಕಾರಣ ಯಾವುದು ಪರಿಣಾಮ ಯಾವುದು? ಓದೋಕೆ ಕಷ್ಟ ಇರೋ ಮಗು ಕಮ್ಮಿ ಓದುತ್ತೆ, ಎಂಟು ವರ್ಷ ಆಗೋ ಹೊತ್ತಿಗೆ ಓದಿದ ಪದಗಳ ಲೆಕ್ಕದಲ್ಲೇ ದೊಡ್ಡ ಅಂತರ ಬಂದಿರುತ್ತೆ, ಮಿದುಳಿನ ವ್ಯತ್ಯಾಸ ಆ ಅಂತರದಿಂದಲೇ ಬಂದಿರಬಹುದಲ್ಲ? 1996ರಲ್ಲಿ ಗಿನೆವ್ರಾ ಈಡನ್, ಡಿಸ್‌ಲೆಕ್ಸಿಯಾ ಇರೋರಲ್ಲಿ ಚಲನೆ ನೋಡೋ ಭಾಗ ಮಂದ ಇದೆ ಅಂತ ತೋರಿಸಿದ್ರು, ದೃಷ್ಟಿಯೇ ಮೂಲ ಅಂತ ಎಷ್ಟೋ ಜನ ಹಿಡ್ಕೊಂಡ್ರು. 2013ರಲ್ಲಿ ಅದೇ ಈಡನ್ ತಂಡ ಅದೇ ವಯಸ್ಸಿನವರ ಬದಲು ಅಷ್ಟೇ ಓದೋಕೆ ಬರೋ ಚಿಕ್ಕ ಮಕ್ಕಳ ಜೊತೆ ಹೋಲಿಸ್ತು, ವ್ಯತ್ಯಾಸ ಮಾಯ. ಓದು ಕಲಿಸಿದ ಮೇಲೆ ಆ ಭಾಗದ ಕೆಲಸ ತಾನಾಗೇ ಏರಿತು. ಅಂದ್ರೆ ಅದು ಕಾರಣ ಅಲ್ಲ, ಕಮ್ಮಿ ಓದಿದ್ದರ ಗುರುತು. ತಾವೇ ಮುಂಚೆ ಹೇಳಿದ್ದನ್ನ ತಾವೇ ಪರೀಕ್ಷೆ ಮಾಡಿ ತಿದ್ದಿದ್ರಲ್ಲ, ಅದಕ್ಕೆ ನನಗೆ ತುಂಬಾ ಗೌರವ. 2014ರಲ್ಲಿ ಮಿದುಳಿನ ಬೂದು ಭಾಗದ, ಅಂದ್ರೆ ನರಕೋಶಗಳು ತುಂಬಿರೋ ಭಾಗದ, ಗಾತ್ರದ ಬಗ್ಗೆಯೂ ಇದೇ ಥರ ನೋಡಿದ್ರು, ಓದಿನ ಮಟ್ಟ ಸಮ ಮಾಡಿದ್ರೆ ಬಹುತೇಕ ವ್ಯತ್ಯಾಸ ಉಳೀಲಿಲ್ಲ.

ಸ್ಕ್ಯಾನರ್ ಕೋಣೆ:
ಸರಾಸರಿ ಸರ್ ಹೇಳಿದ್ದು ಅಷ್ಟೂ ಸರಿ, ಒಪ್ಕೊಳ್ತೀನಿ. ಆದ್ರೆ ಎಲ್ಲಾ ವ್ಯತ್ಯಾಸಾನೂ ಕಮ್ಮಿ ಓದಿದ್ದರಿಂದಲೇ ಬಂತು ಅನ್ನೋಕೂ ಆಗಲ್ಲ. 2012ರಲ್ಲಿ ನೋರಾ ರಾಶ್ಲೆ, ನಡೀನ್ ಗಾಬ್ ಇನ್ನೂ ಓದೋಕೇ ಕಲೀದ ಐದು ವರ್ಷದ ಆಸುಪಾಸಿನ ಮಕ್ಕಳನ್ನ ನೋಡಿದ್ರು. ಮನೇಲಿ ಅಪ್ಪ ಅಮ್ಮ ಅಥವಾ ಅಣ್ಣ ಅಕ್ಕನಿಗೆ ಡಿಸ್‌ಲೆಕ್ಸಿಯಾ ಇರೋ ಮಕ್ಕಳಲ್ಲಿ, ಪದದ ಮೊದಲ ಧ್ವನಿ ಒಂದೇನಾ ಅಂತ ಹೇಳೋ ಆಟದಲ್ಲಿ, ಆಗ್ಲೇ ಆ ಎಡಭಾಗಗಳು ಕಮ್ಮಿ ಕೆಲಸ ಮಾಡ್ತಿದ್ವು. ಇನ್ನೂ ಪುಸ್ತಕವೇ ಹಿಡೀದ ಮಕ್ಕಳು, ಕಮ್ಮಿ ಓದಿದ್ರು ಅನ್ನೋ ಮಾತೇ ಬರಲ್ಲ. ಫಿನ್ಲೆಂಡಿನ ಯುವಾಸ್‌ಕ್ಯುಲಾದಲ್ಲಿ ಇನ್ನೂ ಹಿಂದಕ್ಕೆ ಹೋದ್ರು, ಸುಮಾರು 200 ಮಕ್ಕಳನ್ನ ಹುಟ್ಟಿದಾಗಿಂದ ಹಿಂಬಾಲಿಸಿದ್ರು, ಹಸುಗೂಸಿನ ತಲೆ ಮೇಲೆ ಇಇಜಿ ತಂತಿ ಇಟ್ಟು ಬಾ, ದಾ, ಗಾ ಥರದ ಶಬ್ದ ಕೇಳಿಸಿ ಮಿದುಳಿನ ಅಲೆ ನೋಡಿದ್ರು. ಮನೆತನದಲ್ಲಿ ತೊಂದರೆ ಇರೋ ಕೂಸುಗಳ ಅಲೆ ಗುಂಪಾಗಿ ನೋಡಿದ್ರೆ ಬೇರೆ ಇತ್ತು, ಮುಂದೆ ಭಾಷೆ, ಓದಿನ ಜೊತೆ ಅದಕ್ಕೆ ನಂಟೂ ಕಂಡಿತು. ಹಾಗಾಗಿ ಧ್ವನಿ ಹಿಡಿಯೋದರಲ್ಲಿ ಒಂದು ಮೂಲ ವ್ಯತ್ಯಾಸ ಮೊದಲೇ ಇರುತ್ತೆ, ಅದರ ಮೇಲೆ ಕಮ್ಮಿ ಓದಿದ್ದರ ಪರಿಣಾಮ ಪದರ ಪದರವಾಗಿ ಕೂರುತ್ತೆ, ನನಗೆ ಕಾಣೋದು ಹಾಗೆ. ಹೇಗಿದ್ರೂ ಆ ಎರಡನೇ ಪದರ ನಮ್ಮ ಕೈಲಿದೆ.

ನಿಧಾನ ಓದುಗ:
ನಾನು ಸುಮ್ನೆ ಓದ್ಕೊಂಡು ಹೋಗೋನು ಆದ್ರೆ ಇವತ್ತು ಬರೀಬೇಕು ಅನ್ನಿಸ್ತು. ನನಗೆ ಡಿಸ್‌ಲೆಕ್ಸಿಯಾ ಇದೆ ಅಂತ ಗೊತ್ತಾಗಿದ್ದು ಇಪ್ಪತ್ಮೂರನೇ ವಯಸ್ಸಲ್ಲಿ ಅಲ್ಲೀವರೆಗೂ ದಡ್ಡ ಅಂತಲೇ ಅಂದ್ಕೊಂಡಿದ್ದೆ ಯಾಕಂದ್ರೆ ಎಲ್ಲರೂ ಹಾಗೇ ಅಂತಿದ್ರು, ಶಾಲೇಲಿ ಸಾಲಾಗಿ ಒಬ್ಬೊಬ್ಬರು ಎದ್ದು ಒಂದೊಂದು ಪ್ಯಾರಾ ಓದಬೇಕಿತ್ತು ನಾನು ನನ್ನ ಮುಂದೆ ಎಷ್ಟು ಜನ ಇದಾರೆ ಅಂತ ಎಣಿಸಿ ನನ್ನ ಪಾಲಿಗೆ ಯಾವ ಪ್ಯಾರಾ ಬರುತ್ತೆ ಅಂತ ಹುಡುಕಿ ಅದನ್ನ ಒಳಗೊಳಗೇ ಬಾಯಿಪಾಠ ಮಾಡ್ತಿದ್ದೆ, ಮುಂದಿನೋನು ರಜಾ ಹಾಕಿದ್ರೆ ಲೆಕ್ಕ ತಪ್ತಿತ್ತು ಕೈ ತಣ್ಣಗಾಗ್ತಿತ್ತು. ಗಣಿತದಲ್ಲಿ ಲೆಕ್ಕ ಬಾಯಲ್ಲಿ ಹೇಳಿದ್ರೆ ಮಾಡ್ತಿದ್ದೆ, ಪುಸ್ತಕದಲ್ಲಿ ಓದಿ ಮಾಡು ಅಂದ್ರೆ ಸೊನ್ನೆ.

ಆಮೇಲೆ ಒಂದು ಸಂಶೋಧನೆಗೆ ಸ್ವಯಂಸೇವಕನಾಗಿ ಹೋಗಿದ್ದೆ, ಅದೇ ಕನ್ನಡಿ ಅದೇ ಗುಂಡಿ, ಸ್ಕ್ಯಾನರ್ ಸರ್ ಬರೆದಿದ್ದು ಓದ್ತಿದ್ದ ಹಾಗೇ ಆ ಶಬ್ದ ಕಿವೀಲಿ ಬಂತು. ಮುಗಿದ ಮೇಲೆ ನನ್ನ ಮಿದುಳಿನ ಒಂದು ಕಪ್ಪು ಬಿಳಿ ಚಿತ್ರ ಕೊಟ್ರು, ಇದರಲ್ಲಿ ಡಿಸ್‌ಲೆಕ್ಸಿಯಾ ಎಲ್ಲಿದೆ ಅಂತ ಕೇಳ್ದೆ, ಆ ಹುಡುಗಿ ತುಂಬಾ ಒಳ್ಳೇ ಮನಸಿಂದ ಹೇಳಿದ್ಲು, ಇದರಲ್ಲಿ ಕಾಣಲ್ಲ, ನಿಮ್ಮಂಥ ಎಷ್ಟೋ ಜನರದ್ದು ಸೇರಿದ್ರೆ ಒಂದು ನೆರಳು ಕಾಣುತ್ತೆ ಅಂತ. ಆ ಚಿತ್ರ ಇನ್ನೂ ಇಟ್ಕೊಂಡಿದೀನಿ.

ಐಕ್ಯೂ ಜಾಸ್ತಿ ಇದ್ದು ಓದೋಕೆ ಬರದಿದ್ರೆ ಮಾತ್ರ ಡಿಸ್‌ಲೆಕ್ಸಿಯಾ ಅನ್ನೋ ನಿಯಮ ತುಂಬಾ ಕಾಲ ಇತ್ತು, ಅದರಿಂದ ಎಷ್ಟು ಮಕ್ಕಳು ಸಹಾಯ ಸಿಗದೆ ಹೊರಗುಳಿದ್ರೋ. 2011ರಲ್ಲಿ ತನಾಕಾ, ಹೂಫ್ಟ್ ಮತ್ತೆ ಜೊತೆಯವರು 131 ಮಕ್ಕಳ ಮೇಲೆ ಮಾಡಿದ್ದರಲ್ಲಿ ಓದೋಕೆ ಕಷ್ಟ ಇರೋರಲ್ಲಿ ಐಕ್ಯೂ ಹೆಚ್ಚಿದ್ರೂ ಕಮ್ಮಿ ಇದ್ರೂ ಪ್ರಾಸ ಹೇಳುವಾಗ ಎಡಭಾಗದ ಮಾದರಿ ಒಂದೇ ಥರ ಇತ್ತು. ಮಿದುಳಿನ ಸಂಶೋಧನೆ ನನ್ನಂಥೋರಿಗೆ ಮಾಡಿದ ನಿಜವಾದ ಉಪಕಾರ ಅದು ಅಂತ ನಾನು ಅಂದ್ಕೊಂಡಿದೀನಿ, ಯಾರಿಗೂ ನೀನು ಬುದ್ಧಿವಂತ ಅಂತ ಪುರಾವೆ ಕೊಡು ಆಮೇಲೆ ಕಲಿಸ್ತೀವಿ ಅನ್ನೋಕೆ ಆಧಾರ ಉಳೀಲಿಲ್ಲ.

ಅಕ್ಕ, ನಿಮ್ಮ ಮಗನಿಗೆ ಎಂಟು. ನನಗಿಂತ ಹದಿನೈದು ವರ್ಷ ಮುಂಚೆ.

ಅಕ್ಷರ ಟೀಚರ್:
ನಿಧಾನ ಓದುಗ ಸರ್, ಎಣಿಸಿ ಬಾಯಿಪಾಠ ಮಾಡೋದನ್ನ ನನ್ನ ಮಕ್ಕಳೂ ಮಾಡ್ತಾರೆ, ಹೇಳಿದ್ದಕ್ಕೆ ಥ್ಯಾಂಕ್ಸ್. ನಿಮ್ಮ ಕಥೆ ಓದಿ 1896ರ ಪರ್ಸಿ ನೆನಪಾದ. ಪ್ರಿಂಗಲ್ ಮಾರ್ಗನ್ ಅನ್ನೋ ಇಂಗ್ಲೆಂಡಿನ ವೈದ್ಯರು ಬರೆದಿಟ್ಟ, ಓದೋಕೆ ಒದ್ದಾಡ್ತಿದ್ದ 14 ವರ್ಷದ ಹುಡುಗ. ಪಾಠ ಪೂರ್ತಿ ಬಾಯಲ್ಲೇ ಇದ್ದಿದ್ರೆ ಇಡೀ ಶಾಲೆಗೆ ಇವನೇ ಚುರುಕಾಗಿರ್ತಿದ್ದ ಅಂತ ಅವನ ಮೇಷ್ಟ್ರು ಹೇಳಿದ್ರಂತೆ. ಯಾವ ಮೆಷಿನ್ ಇಲ್ಲದೆ ಆ ಮೇಷ್ಟ್ರು ಹುಡುಗನನ್ನ ಸರಿಯಾಗಿ ನೋಡಿದ್ರು.

ಹಗಲುಬೆಳಕು:
ನಮ್ಮ ಮಗಳು ಇಂಗ್ಲಿಷಲ್ಲಿ ತುಂಬಾ ತಪ್ಪು ಓದ್ತಾಳೆ, ಕನ್ನಡದಲ್ಲಿ ತಪ್ಪು ಕಮ್ಮಿ ಆದ್ರೆ ಭಾರಿ ನಿಧಾನ. ಒಂದು ಭಾಷೆಯಲ್ಲಿ ಡಿಸ್‌ಲೆಕ್ಸಿಯಾ ಇದ್ದು ಇನ್ನೊಂದರಲ್ಲಿ ಇಲ್ಲದೆ ಇರುತ್ತಾ? ಬಿ, ಡಿ ಉಲ್ಟಾ ಬರೀತಾಳೆ, ಅದೇ ಲಕ್ಷಣ ಅಂತಾರಲ್ಲ?

ಸ್ಕ್ಯಾನರ್ ಕೋಣೆ:
ಅಕ್ಷರ ಕಲಿಯೋ ವಯಸ್ಸಲ್ಲಿ ಬಹುತೇಕ ಮಕ್ಕಳು ಉಲ್ಟಾ ಬರೀತಾರೆ. ಒಂದು ಬಟ್ಟಲಿನ ಹಿಡಿ ಎಡಕ್ಕಿದ್ರೂ ಬಲಕ್ಕಿದ್ರೂ ಅದು ಅದೇ ಬಟ್ಟಲು ಅಂತ ಗುರುತಿಸೋ ಥರ ನಮ್ಮ ಕಣ್ಣು ಮಿದುಳು ರೂಢಿಯಾಗಿರುತ್ತೆ, ಅಕ್ಷರಕ್ಕೆ ಮಾತ್ರ ಆ ರೂಢಿ ಬಿಡಬೇಕು, ಅದಕ್ಕೆ ಸಮಯ ಹಿಡಿಯುತ್ತೆ. ಅದೊಂದರಿಂದ ತೀರ್ಮಾನ ಬೇಡ.

ಭಾಷೆ ವಿಷಯಕ್ಕೆ, ನೀವು ಬರೆದಿದ್ದು ಸಂಶೋಧನೆಗೆ ಸರಿಯಾಗಿ ಹೊಂದುತ್ತೆ. 2001ರಲ್ಲಿ ಎರಾಲ್ಡೊ ಪಾವ್ಲೇಸು ತಂಡ ಇಟಲಿ, ಫ್ರಾನ್ಸ್, ಬ್ರಿಟನ್ನಿನ ಡಿಸ್‌ಲೆಕ್ಸಿಯಾ ಇರೋ ವಿದ್ಯಾರ್ಥಿಗಳನ್ನ ನೋಡ್ತು. ಇಟಾಲಿಯನ್ ಬರೆದ ಹಾಗೇ ಓದೋ ಭಾಷೆ, ಅವರ ಓದಲ್ಲಿ ತಪ್ಪು ತುಂಬಾ ಕಮ್ಮಿ, ಇಂಗ್ಲಿಷಿನೋರದ್ದು ಜಾಸ್ತಿ, ಆದ್ರೆ ಮಿದುಳಲ್ಲಿ ಮೂರೂ ಕಡೆ ಎಡಭಾಗದ ಅದೇ ಜಾಗ ಕಮ್ಮಿ ಕೆಲಸ ಮಾಡ್ತಿತ್ತು. 2004ರಲ್ಲಿ ಚೀನೀ ಓದೋ ಮಕ್ಕಳಲ್ಲಿ ಬೇರೆ ಕಂಡಿತು, ಎಡಹಣೆಯ ಹಿಂದಿನ ಒಂದು ಭಾಗ ಅಲ್ಲಿ ಮುಖ್ಯ ಆಗಿತ್ತು. ಹಿಂದಿ ಇಂಗ್ಲಿಷ್ ಎರಡನ್ನೂ ಚಿಕ್ಕಂದಿನಿಂದ ಒಟ್ಟಿಗೆ ಕಲಿತ ದೊಡ್ಡವರ ಮೇಲೆ ನಂದಿನಿ ಸಿಂಗ್, ಪ್ರಕಾಶ್ ಪಡಕನ್ನಾಯ ಮತ್ತೆ ಜೊತೆಯವರು 2011ರಲ್ಲಿ ಪ್ರಕಟಿಸಿದ್ದು ನೋಡಿ, ಹಿಂದಿಗೆ ಧ್ವನಿ ಕೂಡಿಸೋ ಮೇಲಿನ ದಾರಿ, ಇಂಗ್ಲಿಷಿಗೆ ಪದವನ್ನ ಇಡಿಯಾಗಿ ಗುರುತಿಸೋ ಕೆಳಗಿನ ದಾರಿ ಹೆಚ್ಚು ಬಳಕೆ ಆಗ್ತಿತ್ತು. ಲಿಪಿ ಬೇರೆ ಆದ್ರೆ ಹೊರೆ ಬೀಳೋ ಜಾಗವೂ ಸ್ವಲ್ಪ ಬೇರೆ.

ಅಕ್ಷರ ಟೀಚರ್:
ಇದಕ್ಕೆ ನಾನೊಂದು ಸೇರಿಸ್ತೀನಿ. ಕನ್ನಡ ಬರೆದ ಹಾಗೇ ಓದೋದು, ಸುಲಭ ಅಂತಾರೆ, ಆದ್ರೆ ಅಕ್ಷರಗಳ ಸಂಖ್ಯೆ ನೋಡಿ, ಕಾಗುಣಿತ ಒತ್ತು ಎಲ್ಲಾ ಸೇರಿದ್ರೆ ನೂರಾರು ಆಕಾರ. ಸೋನಾಲಿ ನಾಗ್ ಅವರು 2007ರಲ್ಲಿ ಕನ್ನಡ ಕಲಿಯೋ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ ನಾಲ್ಕನೇ ತರಗತೀಲೂ ಅಕ್ಷರ ಕಲಿಕೆ ಇನ್ನೂ ನಡೀತಾನೇ ಇತ್ತು. ಹಾಗಾಗಿ ಎರಡನೇ ಕ್ಲಾಸಿನ ಮಗು ಒತ್ತಕ್ಷರ ತಪ್ಪಿದ ಮಾತ್ರಕ್ಕೆ ಗಾಬರಿ ಬೇಡ, ಅದೇ ಕ್ಲಾಸಿನ ಉಳಿದ ಮಕ್ಕಳಿಗಿಂತ ತುಂಬಾ ಹಿಂದೆ ಇದ್ದು ಸಹಾಯ ಕೊಟ್ರೂ ಮುಂದೆ ಬರ್ತಿಲ್ಲ ಅಂದ್ರೆ ಆಗ ನೋಡಿಸಿ. ಹಗಲುಬೆಳಕು ಅವರೇ, ತಪ್ಪು ಕಮ್ಮಿ ಅಂತ ನಿಮ್ಮ ಮಗಳ ನಿಧಾನವನ್ನ ಬಿಟ್ಟುಬಿಡಬೇಡಿ, ಇಂಥ ಲಿಪಿಯಲ್ಲಿ ತೊಂದರೆ ವೇಗದಲ್ಲೇ ಕಾಣೋದು.

ಹೊಸದಾರಿ:
ಗಣಿತಕ್ಕೂ ಹೀಗೇ ಇದೆಯಾ? ತಂಗಿ ಮಗ ಎಂಟರಲ್ಲಿ ಮೂರು ಹೋದ್ರೆ ಅಂದ್ರೂ ಬೆರಳು ಎಣಿಸ್ತಾನೆ. ಮತ್ತೆ ಬಣ್ಣದ ಕನ್ನಡಕ ಹಾಕಿದ್ರೆ ಅಕ್ಷರ ನಿಲ್ಲುತ್ತೆ ಅಂತಾರಲ್ಲ, ಅದು?

ಸರಾಸರಿ:
ಕನ್ನಡಕ ಬೇಡ. ಅಮೆರಿಕದ ಮಕ್ಕಳ ವೈದ್ಯರ ಸಂಘ, ಕಣ್ಣಿನ ವೈದ್ಯರ ಸಂಘ ಸೇರಿ 2009ರಲ್ಲೇ ಹೇಳಿದಾರೆ, ಓದಿನ ತೊಂದರೆಗೆ ಬಣ್ಣದ ಗಾಜು, ಕಣ್ಣಿನ ವ್ಯಾಯಾಮಕ್ಕೆ ಆಧಾರ ಇಲ್ಲ ಅಂತ. ಗಣಿತದಲ್ಲಿ ಇಂಥ ತೊಂದರೆ ಇದ್ರೆ ಡಿಸ್‌ಕ್ಯಾಲ್ಕುಲಿಯಾ ಅಂತಾರೆ, ಮಿದುಳಿನ ಮೇಲೆ ಹಿಂಭಾಗದಲ್ಲಿ ಪ್ರಮಾಣ ಅಂದಾಜು ಮಾಡೋ ಒಂದು ಮಡಿಕೆ ಇದೆ, ಸಂಶೋಧನೆ ಹೆಚ್ಚಾಗಿ ಅದರ ಸುತ್ತ. ವಿನೋದ್ ಮೆನನ್ ಅವರ ಸ್ಟ್ಯಾನ್‌ಫರ್ಡ್ ತಂಡ 2015ರಲ್ಲಿ, ಎಂಟು ವಾರ ಒಬ್ಬೊಬ್ಬರಿಗೇ ಕೂತು ಕಲಿಸಿದ ಮೇಲೆ ಆ ಮಕ್ಕಳ ಮಿದುಳಿನ ಮಾದರಿ ಉಳಿದ ಮಕ್ಕಳ ಹತ್ತಿರ ಬಂತು ಅಂತ ತೋರಿಸ್ತು. ಮತ್ತೆ ಅದೇ, ಕೂತು ಕಲಿಸಿದ್ದು.

ನೀಲಿಪೆನ್ಸಿಲ್:
ಸ್ಕ್ಯಾನ್ ಸರ್, ಒಂದು ಕೊನೇ ಪ್ರಶ್ನೆ. ಹಾಗಾದ್ರೆ ಸ್ಕ್ಯಾನಿಂದ ಮುಂದೆ ಯಾವತ್ತಾದ್ರೂ ಮಕ್ಕಳಿಗೆ ನೇರ ಉಪಯೋಗ ಆಗುತ್ತಾ?

ಸ್ಕ್ಯಾನರ್ ಕೋಣೆ:
ಆಗಬಹುದು ಅನ್ನೋ ಆಸೆ ನನಗಿದೆ. 2011ರಲ್ಲಿ ಫುಮಿಕೊ ಹೂಫ್ಟ್ ತಂಡ ಡಿಸ್‌ಲೆಕ್ಸಿಯಾ ಇರೋ 25 ಮಕ್ಕಳನ್ನ ಸ್ಕ್ಯಾನ್ ಮಾಡಿ ಎರಡೂವರೆ ವರ್ಷ ಆದ್ಮೇಲೆ ಮತ್ತೆ ಓದಿಸಿ ನೋಡ್ತು. ಯಾರು ಸುಧಾರಿಸ್ತಾರೆ ಅಂತ ಮಾಮೂಲಿ ಓದಿನ ಪರೀಕ್ಷೆಯಿಂದ ಹೇಳೋಕಾಗಿರ್ಲಿಲ್ಲ, ಬಲಹಣೆಯ ಒಂದು ಭಾಗ ಮತ್ತೆ ಅಲ್ಲಿಗೆ ಹೋಗೋ ತಂತು ನೋಡಿ ಹೇಳೋಕಾಯ್ತು. ಬಲಭಾಗ! ಎಡಕ್ಕೆ ಕಷ್ಟ ಆದಾಗ ಮಿದುಳು ಬೇರೆ ದಾರಿ ಹುಡುಕ್ಕೊಳ್ಳುತ್ತೆ ಅಂತ ಅದರ ಅರ್ಥ ಇರಬಹುದು. ಆದ್ರೆ 25 ಮಕ್ಕಳು ಅಷ್ಟೇ, ಸರಾಸರಿ ಸರ್ ಕೇಳೋ ಪ್ರಶ್ನೆ ಎಲ್ಲಾ ಇದಕ್ಕೂ ಕೇಳಬೇಕು. ಯಾವ ಮಗುವಿಗೆ ಯಾವ ಥರದ ಪಾಠ ಹಿಡಿಸುತ್ತೆ ಅಂತ ಮೊದಲೇ ತಿಳಿಯೋ ದಿನ ಬಂದ್ರೆ ಆ ಕುಣಿಯೋ ಕಾಲ್ಬೆರಳಿನ ಹುಡುಗಿಯಂಥ ನೂರಾರು ಮಕ್ಕಳು ಮೆಷಿನ್ ಒಳಗೆ ಮಲಗಿದ್ದು ಸಾರ್ಥಕ. ನಿಮ್ಮ ಮಗ ಆ ದಿನಕ್ಕೆ ಕಾಯೋದು ಬೇಡ.

ನೀಲಿಪೆನ್ಸಿಲ್:
ಮೂರು ವಾರ ಆದ್ಮೇಲೆ ಬರೀತಿದೀನಿ. ಸ್ಕ್ಯಾನ್ ಮಾಡಿಸ್ಲಿಲ್ಲ. ಅಸೆಸ್‌ಮೆಂಟ್ ಆಯ್ತು, ಡಿಸ್‌ಲೆಕ್ಸಿಯಾ ಅಂತಲೇ ಹೇಳಿದ್ರು, ಟೀಚರ್ ಊಹೆ ಮಾಡಿದ ಹಾಗೇ ಒತ್ತು ಮತ್ತೆ ದೀರ್ಘದಿಂದಲೇ ಶುರು ಮಾಡಿದಾರೆ. ದಿನಾ ಇಪ್ಪತ್ತು ನಿಮಿಷ ನಾವೂ ಕೂರ್ತೀವಿ. ಒತ್ತು ಬಂದ ಕಡೆ ಮೇಜು ಕುಟ್ಟಬೇಕು, ದೀರ್ಘ ಬಂದ ಕಡೆ ಬೆರಳು ಎಳೀಬೇಕು. ನಿನ್ನೆ ಅದೇ ಪುಸ್ತಕ ತಗೊಂಡು ಬಂದ, ನಾನು ಕೊಡ್ಲಿಲ್ಲ, ಅವನೇ ತಂದ. ಚಿತ್ರದ ಮೇಲೆ ಎಡಗೈ ಅಡ್ಡ ಇಟ್ಟು ಮುಚ್ಚಿದ. "ಹಕ್..." ಅಂದು ಮೇಜು ಕುಟ್ಟಿ "ಕಿ". ಗೂ ಅಂತ ಬೆರಳನ್ನ ಮೇಜಿನ ತುದೀವರೆಗೂ ಎಳೆದ. ಕಟ್ಟಿತು ಅನ್ನೋಕೆ ಎರಡು ಸಲ ಬೇಕಾಯ್ತು. ಮೂರು ಪದಕ್ಕೆ ಒಂದು ನಿಮಿಷದ ಹತ್ರ ಹಿಡೀತು, ಈ ಸಲ ನನ್ನ ಮುಖ ನೋಡ್ಲಿಲ್ಲ, ಮುಂದಿನ ಸಾಲು ನೋಡ್ದ.